ಕರಿ ಕೋಟು ಒಂದೇ, ಕಳಿಸಿದವರು ಬೇರೆ ಬೇರೆ

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ಮೇಲ್ಮನವಿಯ ವಿಚಾರಣೆ ಕರ್ನಾಟಕ ಹೈಕೋರ್ಟಿನಲ್ಲಿ ಮುಗಿದು, ತೀರ್ಪೊಂದೇ ಬಾಕಿ ಇತ್ತು. ಆಗ, 2015ರ ಏಪ್ರಿಲ್ 27ರಂದು, ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಆ ಮೇಲ್ಮನವಿಯಲ್ಲಿ ಪ್ರಾಸಿಕ್ಯೂಷನ್ ಪರ ವಾದ ಮಂಡಿಸಿದ್ದ ಭವಾನಿ ಸಿಂಗ್ ಅವರಿಗೆ ಹಾಗೆ ವಾದಿಸುವ ಅಧಿಕಾರವೇ ಇರಲಿಲ್ಲ. ಅವರ ಪದವಿ, ಸನದು (ವಕೀಲಿ ಪರವಾನಗಿ), ಅನುಭವ ಯಾವುದರ ಬಗ್ಗೆಯೂ ತಕರಾರು ಇರಲಿಲ್ಲ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಅದೇ ಪ್ರಕರಣವನ್ನು ನಡೆಸಿದ್ದವರೂ ಅವರೇ. ಆಗ ಅವರನ್ನು ನೇಮಿಸಿದ್ದು ಕರ್ನಾಟಕ ಸರ್ಕಾರ. ಮೇಲ್ಮನವಿಯಲ್ಲಿ ಮಾತ್ರ ಅವರು ತಮಿಳುನಾಡು ಸರ್ಕಾರದ ಆದೇಶ ಹಿಡಿದು ನಿಂತಿದ್ದರು. 2003ರಲ್ಲಿ ಸುಪ್ರೀಂ ಕೋರ್ಟೇ ಪ್ರಕರಣವನ್ನು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿದ ಮೇಲೆ ಅಭಿಯೋಜಕರನ್ನು, ಅಂದರೆ ಪ್ರಾಸಿಕ್ಯೂಟರ್‌ಗಳನ್ನು, ನೇಮಿಸುವ ಹಕ್ಕು ಕರ್ನಾಟಕದ್ದಾಗಿತ್ತು. ಕೊನೆಗೆ ಕರ್ನಾಟಕದ ಪರವಾಗಿ ಹಿರಿಯ ವಕೀಲ ಬಿ.ವಿ. ಆಚಾರ್ಯ ಅವರು ತರಾತುರಿಯಲ್ಲಿ ಲಿಖಿತ ವಾದ ಸಲ್ಲಿಸಬೇಕಾಯಿತು.

ಅದೇ ವ್ಯಕ್ತಿ, ಅದೇ ಕಡತ, ಅದೇ ಕರಿ ಕೋಟು. ನೇಮಕದ ಆದೇಶಕ್ಕೆ ಸಹಿ ಹಾಕಿದವರು ಬದಲಾದರು, ಅಷ್ಟೇ. ಪತ್ರಿಕೆ ತೆರೆದರೆ ಹಿರಿಯ ವಕೀಲರು, ಅಡ್ವೊಕೇಟ್ ಜನರಲ್, ಎಸ್‌ಪಿಪಿ (ವಿಶೇಷ ಸರ್ಕಾರಿ ಅಭಿಯೋಜಕರು), ಅಮಿಕಸ್ ಕ್ಯೂರಿ, ಸಾಲಿಸಿಟರ್ ಜನರಲ್ ಎಂದು ಹತ್ತಾರು ಬಿರುದುಗಳು ಕಾಣುತ್ತವೆ. ಇವನ್ನೆಲ್ಲ ಪೊಲೀಸ್ ಇಲಾಖೆಯ ಹುದ್ದೆಗಳಂತೆ ಒಂದರ ಮೇಲೊಂದು ಜೋಡಿಸಲು ಹೊರಟರೆ ತಲೆ ಕೆಡುತ್ತದೆ. ಇವರಲ್ಲಿ ಬಹುತೇಕರು ಕಾನೂನಿನ ಕಣ್ಣಿನಲ್ಲಿ ಒಂದೇ ವರ್ಗದವರು. ಯಾರು ಕಳಿಸಿದ್ದಾರೆ, ಯಾವ ಕಾಗದದ ಬಲದಿಂದ ಮಾತನಾಡುತ್ತಿದ್ದಾರೆ ಎಂಬುದರಿಂದ ವ್ಯತ್ಯಾಸ ಹುಟ್ಟುತ್ತದೆ.

1961ರ ವಕೀಲರ ಕಾಯ್ದೆಗೆ ಮೊದಲು ಪರಿಸ್ಥಿತಿ ಹೀಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬ್ಯಾರಿಸ್ಟರ್, ಅಟಾರ್ನಿ, ವಕೀಲ, ಪ್ಲೀಡರ್, ಮುಖ್ತಾರ ಎಂದು ಪಂಗಡಗಳಿದ್ದವು, ಯಾರು ಯಾವ ಕೋರ್ಟಿನ ಮೆಟ್ಟಿಲು ಹತ್ತಬಹುದು ಎಂಬುದಕ್ಕೆ ಬೇರೆ ಬೇರೆ ಕಟ್ಟಳೆಗಳಿದ್ದವು. ಊರಿನ ಹಿರಿಯರ ಬಾಯಲ್ಲಿ ‘ಪ್ಲೀಡರ್ ಸಾಹೇಬರು’ ಈಗಲೂ ಬರುವುದು ಆ ಕಾಲದ ಉಳಿಕೆ. 1961ರ ಕಾಯ್ದೆ ಈ ಪಂಗಡಗಳನ್ನು ಅಳಿಸಿ, ದೇಶದಲ್ಲಿ ವಕೀಲಿ ವೃತ್ತಿ ಮಾಡಲು ಅರ್ಹರಾದವರು ಅಡ್ವೊಕೇಟ್ ಎಂಬ ಒಂದೇ ವರ್ಗದವರು ಎಂದಿತು. ಕಲ್ಕತ್ತಾ ಮತ್ತು ಬಾಂಬೆಯಲ್ಲಿ ಉಳಿದುಕೊಂಡಿದ್ದ ಅಟಾರ್ನಿ ಪದ್ಧತಿ 1976ರ ತಿದ್ದುಪಡಿಯಿಂದ ಹೋಯಿತು. ಮುಂಬೈಯಲ್ಲಿ ಇಂದಿಗೂ ಕೆಲವರು ಅಲ್ಲಿನ ಲಾ ಸೊಸೈಟಿಯ ಪರೀಕ್ಷೆ ಬರೆದು ‘ಸಾಲಿಸಿಟರ್’ ಎನಿಸಿಕೊಳ್ಳುತ್ತಾರೆ. ಅದು ಗೌರವದ ಅರ್ಹತೆಯೇ, ಆದರೆ ಕೋರ್ಟಿನಲ್ಲಿ ನಿಲ್ಲಲು ಅವರಿಗೂ ಬೇಕಾಗಿರುವುದು ಅಡ್ವೊಕೇಟ್ ಸನದೇ. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಸಾಲಿಸಿಟರ್ ಬೇರೆ, ಬ್ಯಾರಿಸ್ಟರ್ ಬೇರೆ ಎಂಬುದು ದಿನನಿತ್ಯದ ಸಂಗತಿ. ಆ ಲೆಕ್ಕವನ್ನು ಇಲ್ಲಿಗೆ ತಂದರೆ ಹೊಂದುವುದಿಲ್ಲ.

ಎಲ್‌ಎಲ್‌ಬಿ ಮುಗಿಸಿದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಜೊತೆಗೆ 2010ರಿಂದ ಈಚಿನ ಪದವೀಧರರು ಅಖಿಲ ಭಾರತ ಮಟ್ಟದ ಪರೀಕ್ಷೆಯೊಂದನ್ನೂ ಪಾಸು ಮಾಡಬೇಕು. ಆ ಪರೀಕ್ಷೆ ಸಿಂಧು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರಲ್ಲಿ ಒಪ್ಪಿದೆ. ನೋಂದಣಿ ಶುಲ್ಕದ ಹೆಸರಿನಲ್ಲಿ ಪರಿಷತ್ತುಗಳು ಸಾವಿರಗಟ್ಟಲೆ ವಸೂಲು ಮಾಡುತ್ತಿದ್ದುದಕ್ಕೂ 2024ರ ಜುಲೈಯಲ್ಲಿ ತಡೆ ಬಿತ್ತು: ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಬಡ ಮನೆಯ ಪದವೀಧರರಿಗೆ ಇದು ದೊಡ್ಡ ಸಮಾಧಾನ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ವಕೀಲರ ಪರಿಷತ್ತು ಬೇರೆ, ವಕೀಲರ ಸಂಘ ಬೇರೆ. ಪರಿಷತ್ತು ಕಾಯ್ದೆಯಿಂದ ಹುಟ್ಟಿದ್ದು, ಸನದು ಕೊಡುವುದೂ ಕಿತ್ತುಕೊಳ್ಳುವುದೂ ಅದರ ಕೈಯಲ್ಲಿದೆ. ಸಂಘ ಎಂಬುದು ತಾಲ್ಲೂಕು, ಜಿಲ್ಲೆಗಳಲ್ಲಿ ವಕೀಲರೇ ಕಟ್ಟಿಕೊಂಡ ಕೂಟ. ಅದರ ಅಧ್ಯಕ್ಷರು ಎಷ್ಟೇ ಪ್ರಭಾವಿಗಳಾದರೂ ಯಾರ ಸನದನ್ನೂ ಮುಟ್ಟಲಾರರು. ಮತ್ತೊಂದು, ಕಂಪನಿ ಅಥವಾ ಬ್ಯಾಂಕಿನಲ್ಲಿ ಪೂರ್ಣಾವಧಿ ಸಂಬಳಕ್ಕಿರುವ ಕಾನೂನು ಅಧಿಕಾರಿಗಳದು. ಸಂಬಳದ ನೌಕರಿ ಹಿಡಿದ ವಕೀಲರು ಪರಿಷತ್ತಿಗೆ ತಿಳಿಸಿ ಸನದನ್ನು ಅಮಾನತಿನಲ್ಲಿ ಇಡಬೇಕು ಎಂಬುದು ನಿಯಮ. ಅವರಿಗೆ ಕಾನೂನು ಗೊತ್ತಿರಬಹುದು, ಕೋರ್ಟಿನಲ್ಲಿ ಅವರು ವಕೀಲರಲ್ಲ.

ಸಾಮಾನ್ಯ ಕಕ್ಷಿದಾರರಿಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದ ವಕಾಲತ್ತು. ವಕೀಲರ ಕಚೇರಿಯಲ್ಲಿ ಗುಮಾಸ್ತರು ‘ಇಲ್ಲೊಂದು, ಇಲ್ಲೊಂದು’ ಎಂದು ಬೆರಳು ತೋರಿಸಿದ ಕಡೆ ಸಹಿ ಹಾಕಿ ಬರುವ ಆ ಹಾಳೆಯನ್ನು ಓದಿದವರು ಕಡಿಮೆ. ಮೇಲ್ಭಾಗದಲ್ಲಿ ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ವಾದಿ ಪ್ರತಿವಾದಿಗಳ ಹೆಸರು, ಕೆಳಗೆ ವಕೀಲರ ಸಹಿ ಮತ್ತು ನೋಂದಣಿ ಸಂಖ್ಯೆ, ಮೂಲೆಯಲ್ಲಿ ವಕೀಲರ ಕಲ್ಯಾಣ ನಿಧಿಯ ಸ್ಟಾಂಪು. ನಡುವಿನ ಒತ್ತೊತ್ತಾದ ಸಾಲುಗಳಲ್ಲಿ ನನ್ನ ಪರವಾಗಿ ಹಾಜರಾಗಲು, ಅರ್ಜಿ ಹಾಕಲು, ದಾಖಲೆ ವಾಪಸು ಪಡೆಯಲು, ಹಣ ಸ್ವೀಕರಿಸಲು, ರಾಜಿ ಮಾಡಿಕೊಳ್ಳಲು ಎಂಬಂತಹ ಅಧಿಕಾರಗಳ ಸರಮಾಲೆ ಇರುತ್ತದೆ. ಬೇಡವಾದುದನ್ನು ಹೊಡೆದು ಹಾಕುವ ಹಕ್ಕು ಕಕ್ಷಿದಾರರಿಗಿದೆ. ಫಾರಂನಲ್ಲಿ ಏನೇ ಅಚ್ಚಾಗಿದ್ದರೂ ಕಕ್ಷಿದಾರರ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಅವರ ಹಕ್ಕನ್ನು ಬಿಟ್ಟುಕೊಡುವ ಒಪ್ಪಿಗೆ ನೀಡಬಾರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗೆಂದು ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಡುವ ಔದಾರ್ಯ ಬೇಡ.

ವಕೀಲರನ್ನು ಬದಲಿಸುವಾಗ ಹಳೆಯ ವಕೀಲರಿಂದ ಆಕ್ಷೇಪಣೆ ಇಲ್ಲವೆಂದು ಬರೆಸಿಕೊಂಡು ಬನ್ನಿ ಎನ್ನುತ್ತಾರೆ. ಅದು ವೃತ್ತಿಯ ಸೌಜನ್ಯ. ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಹಿಂದಿನ ವಕಾಲತ್ತು ರದ್ದುಪಡಿಸಬಹುದು. ‘ಫೀಸು ಬಾಕಿ ಇದೆ, ಫೈಲು ಕೊಡುವುದಿಲ್ಲ’ ಎಂಬ ಮಾತಿಗಂತೂ ಕಾನೂನಿನ ಬೆಂಬಲವಿಲ್ಲ. ಬಾಕಿಗಾಗಿ ಕಕ್ಷಿದಾರರ ಕಡತವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲೇ ತೀರ್ಮಾನವಾಗಿದೆ. ಗೆದ್ದರೆ ಇಷ್ಟು ಪಾಲು ಎಂಬ ಕರಾರು ಕೂಡ ನಿಯಮಬಾಹಿರ. ಅಮೆರಿಕದಲ್ಲಿ ಹಾಗೆ ನಡೆಯುತ್ತದೆ, ಇಲ್ಲಿ ಇಲ್ಲ.

‘ಹಿರಿಯ ವಕೀಲರು’ ಎಂಬುದು ಟಿವಿ ಚರ್ಚೆಗಳಲ್ಲಿ ಅಗ್ಗವಾಗಿ ಹಂಚುವ ಬಿರುದು. ಕೂದಲು ನರೆತವರೆಲ್ಲ ಪರದೆಯ ಕೆಳಗೆ ಹಿರಿಯ ವಕೀಲರೇ. ಕಾಯ್ದೆಯ ಪ್ರಕಾರ ಅದು ವಯಸ್ಸಿನ ಮಾತಲ್ಲ, ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ವಿಧ್ಯುಕ್ತವಾಗಿ ನೀಡುವ ಪದನಾಮ. ಯಾರಿಗೆ ಕೊಡಬೇಕು ಎಂಬುದರ ಸುತ್ತ ಬೇಕಾದಷ್ಟು ಜಗಳವಾಗಿದೆ. 2017ರಲ್ಲಿ ಇಂದಿರಾ ಜೈಸಿಂಗ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನೂರು ಅಂಕಗಳ ಪದ್ಧತಿ ತಂದಿತು. ವೃತ್ತಿಯ ವರ್ಷಗಳಿಗೆ ಇಷ್ಟು, ಬರವಣಿಗೆಗೆ ಇಷ್ಟು, ಸಂದರ್ಶನಕ್ಕೆ ಇಷ್ಟು ಎಂದು ಲೆಕ್ಕ ಹಾಕಲಾಗುತ್ತಿತ್ತು. ಅನುಭವಿ ವಕೀಲರನ್ನು ಕೂರಿಸಿ ಸಂದರ್ಶನ ಮಾಡಿ ಅಂಕ ಹಾಕುವುದು ಹಲವರಿಗೆ ಇರುಸುಮುರುಸು ತಂದಿತು. 2025ರ ಮೇಯಲ್ಲಿ ಅದೇ ನ್ಯಾಯಾಲಯ ಅಂಕ ಪದ್ಧತಿಯನ್ನು ಕೈಬಿಟ್ಟು, ನಿರ್ಧಾರವನ್ನು ಎಲ್ಲ ನ್ಯಾಯಮೂರ್ತಿಗಳ ಪೂರ್ಣ ಸಭೆಗೆ ವಾಪಸು ಕೊಟ್ಟಿತು.

ಪದನಾಮದ ಜೊತೆಗೆ ಕೈಕೋಳಗಳೂ ಬರುತ್ತವೆ. ಹಿರಿಯ ವಕೀಲರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಪ್ರಕರಣ ಒಪ್ಪಿಕೊಳ್ಳುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರಿಲ್ಲದೆ ವಾದಿಸುವಂತಿಲ್ಲ. ಹಾಗಾಗಿ ದೊಡ್ಡ ಹೆಸರಿನವರನ್ನು ಗೊತ್ತು ಮಾಡಿದರೂ ಪ್ರಕರಣದ ಒಡೆತನ, ವಾಯಿದೆಯ ದಿನಾಂಕ, ಕಾಗದಪತ್ರಗಳ ಜವಾಬ್ದಾರಿ ಎಲ್ಲವೂ ವಕಾಲತ್ತು ಹಾಕಿದ ವಕೀಲರ ಹೆಗಲಿನ ಮೇಲೆಯೇ ಇರುತ್ತದೆ. ಅವರನ್ನು ‘ಜೂನಿಯರ್’ ಎಂದು ಕಡೆಗಣಿಸುವ ಕಕ್ಷಿದಾರರು ತಮ್ಮ ಕಾಲಿಗೇ ಕೊಡಲಿ ಹಾಕಿಕೊಳ್ಳುತ್ತಾರೆ.

ದೆಹಲಿಯಲ್ಲಿ ಇನ್ನೊಂದು ಸುತ್ತಿದೆ. ಸುಪ್ರೀಂ ಕೋರ್ಟಿನಲ್ಲಿ ಕಕ್ಷಿದಾರರ ಪರವಾಗಿ ಅರ್ಜಿ ಸಲ್ಲಿಸುವ ಹಕ್ಕು ಅಡ್ವೊಕೇಟ್ ಆನ್ ರೆಕಾರ್ಡ್ ಎನಿಸಿಕೊಂಡವರಿಗೆ ಮಾತ್ರ. ನಾಲ್ಕು ವರ್ಷ ವೃತ್ತಿ, ಬಳಿಕ ಒಂದು ವರ್ಷ ಅಂಥದೇ ವಕೀಲರ ಬಳಿ ತರಬೇತಿ, ಆಮೇಲೆ ಪರೀಕ್ಷೆ. ಪಾಸಾದವರ ಕಚೇರಿ ಸುಪ್ರೀಂ ಕೋರ್ಟಿನಿಂದ 16 ಕಿಲೋಮೀಟರ್ ಒಳಗಿರಬೇಕು ಎಂಬ ಷರತ್ತೂ ಇದೆ. ಧಾರವಾಡ ಪೀಠದಲ್ಲಿ ಸೋತು ದೆಹಲಿಗೆ ಹೋಗುವ ರೈತ ತನ್ನ ವಕೀಲರನ್ನು ಜೊತೆಗೆ ಕರೆದೊಯ್ಯಬಹುದು, ಅರ್ಜಿಯ ಮೇಲೆ ಸಹಿ ಮಾತ್ರ ಅಲ್ಲಿಯವರದೇ ಬೇಕು.

ಇನ್ನು ಸರ್ಕಾರದ ಕಡೆಯವರು. ಕೇಂದ್ರಕ್ಕೆ ಅಟಾರ್ನಿ ಜನರಲ್, ರಾಜ್ಯಕ್ಕೆ ಅಡ್ವೊಕೇಟ್ ಜನರಲ್. ಮೊದಲನೆಯದು ಸಂವಿಧಾನದ 76ನೇ ವಿಧಿಯ ಹುದ್ದೆ, ಎರಡನೆಯದು 165ನೇ ವಿಧಿಯದು. ಇಬ್ಬರೂ ತಂತಮ್ಮ ಸದನಗಳಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಸಾಲಿಸಿಟರ್ ಜನರಲ್ ಹೆಸರು ದಿನವೂ ಸುದ್ದಿಯಲ್ಲಿದ್ದರೂ ಸಂವಿಧಾನದಲ್ಲಿ ಆ ಹುದ್ದೆಯ ಉಲ್ಲೇಖವೇ ಇಲ್ಲ. ಅಡ್ವೊಕೇಟ್ ಜನರಲ್ ಆಗಲು ಹೈಕೋರ್ಟ್ ನ್ಯಾಯಮೂರ್ತಿಯಾಗುವಷ್ಟು ಅರ್ಹತೆ ಬೇಕು. ಆದರೂ ರಾಜ್ಯಪಾಲರ ಇಚ್ಛೆ ಇರುವವರೆಗೆ ಮಾತ್ರ ಕುರ್ಚಿ. ಕಾರ್ಯತಃ ಸರ್ಕಾರ ಬದಲಾದರೆ ಇವರೂ ಬದಲಾಗುತ್ತಾರೆ. ಸರ್ಕಾರದ ಪರ ವಾದಿಸುವುದಷ್ಟೇ ಇವರ ಕೆಲಸವಲ್ಲ. ಖಾಸಗಿ ವ್ಯಕ್ತಿಯೊಬ್ಬರು ಹೈಕೋರ್ಟಿನಲ್ಲಿ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾದರೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕು. ಇವರ ಕೈಕೆಳಗೆ ಹೈಕೋರ್ಟಿನಲ್ಲಿ ಹೆಚ್ಚುವರಿ ಅಡ್ವೊಕೇಟ್ ಜನರಲ್, ಸರ್ಕಾರಿ ವಕೀಲರು, ಜಿಲ್ಲೆಗಳಲ್ಲಿ ಸಿವಿಲ್ ದಾವೆ ನೋಡಿಕೊಳ್ಳುವ ಜಿಲ್ಲಾ ಸರ್ಕಾರಿ ವಕೀಲರು ಎಂದು ಪಟ್ಟಿ ಬೆಳೆಯುತ್ತದೆ.

ಜನ ಎಲ್ಲಕ್ಕಿಂತ ಹೆಚ್ಚು ಎಡವುವುದು ಸರ್ಕಾರಿ ಅಭಿಯೋಜಕರ ವಿಷಯದಲ್ಲಿ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಇವರು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು), ಸೆಷನ್ಸ್ ನ್ಯಾಯಾಲಯದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್. ಮನೆಗೆ ಕಳ್ಳ ನುಗ್ಗಿದ ಪ್ರಕರಣದಲ್ಲಿ ಸಾಕ್ಷಿ ಹೇಳಲು ಸಮನ್ಸ್ ಬಂದಿರುವ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಅವರು ಎಪಿಪಿಯವರನ್ನು ‘ನಮ್ಮ ವಕೀಲರು’ ಎಂದುಕೊಂಡು ಹುಡುಕುತ್ತಾರೆ. ಕೈಯಲ್ಲಿ ಆ ದಿನದ ಕಡತಗಳ ರಾಶಿ ಹಿಡಿದ ಎಪಿಪಿ ಹೇಳಿಕೆಯ ಪ್ರತಿ ತೋರಿಸಿ, ಪೊಲೀಸರಿಗೆ ಏನು ಹೇಳಿದ್ದೀರಿ ನೆನಪು ಮಾಡಿಕೊಳ್ಳಿ ಎಂದು ಎರಡು ಮಾತು ಆಡಿ ಹೊರಡುತ್ತಾರೆ. ನಮ್ಮ ಕಡೆಯವರೇ ನಮ್ಮನ್ನು ವಿಚಾರಿಸಲಿಲ್ಲವಲ್ಲ ಎಂಬ ಬೇಸರ ಆ ಹೆಣ್ಣುಮಗಳಿಗೆ. ನಿಜ ಏನೆಂದರೆ ಎಪಿಪಿಯವರು ಆಕೆಯ ಕಡೆಯವರಲ್ಲ, ಪೊಲೀಸರ ಕಡೆಯವರೂ ಅಲ್ಲ. ಅಪರಾಧ ಎಂಬುದು ರಾಜ್ಯದ ವಿರುದ್ಧ ನಡೆದದ್ದು ಎಂದು ಕಾನೂನು ನೋಡುವುದರಿಂದ ಪ್ರಕರಣದ ಹೆಸರೇ ‘ಕರ್ನಾಟಕ ರಾಜ್ಯ’ ಎಂದು ಶುರುವಾಗುತ್ತದೆ. ಗೃಹಿಣಿ ಅಲ್ಲಿ ಒಬ್ಬ ಸಾಕ್ಷಿ.

ಅಭಿಯೋಜಕರು ಹೇಗಾದರೂ ಶಿಕ್ಷೆ ಕೊಡಿಸಲೇಬೇಕಾದವರೂ ಅಲ್ಲ. ಆರೋಪಿಗೆ ಅನುಕೂಲವಾದ ದಾಖಲೆ ಕೈಗೆ ಸಿಕ್ಕರೆ ಅದನ್ನು ಮುಚ್ಚಿಡುವಂತಿಲ್ಲ. ತನಿಖೆ ನಡೆಸಿದ ಪೊಲೀಸ್ ಅಧಿಕಾರಿ ಅದೇ ಪ್ರಕರಣದ ಅಭಿಯೋಜಕ ಆಗುವಂತಿಲ್ಲ ಎಂಬ ನಿಯಮ ಇರುವುದೂ ಈ ಅಂತರ ಉಳಿಯಲೆಂದೇ. ಸಂತ್ರಸ್ತರಿಗೆ ದಾರಿಯೇ ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ, ಅದಕ್ಕೆ ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ, ಸಂತ್ರಸ್ತರು ನ್ಯಾಯಾಲಯದ ಅನುಮತಿಯಿಂದ ತಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಅವಕಾಶವಿದೆ. ಆದರೆ ಆ ವಕೀಲರು ಅಭಿಯೋಜಕರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ಸೆಷನ್ಸ್ ವಿಚಾರಣೆಯಲ್ಲಿ ಸ್ವತಂತ್ರವಾಗಿ ಪಾಟಿ ಸವಾಲು ನಡೆಸುವುದಕ್ಕೆ ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಲಿಲ್ಲ. ಕಾರಣ ಸರಳ: ಆರೋಪಿಯ ಎದುರು ಇಬ್ಬರು ಅಭಿಯೋಜಕರು ನಿಂತು, ಒಬ್ಬರು ಎಳೆದ ದಾರಿಯನ್ನು ಇನ್ನೊಬ್ಬರು ತಪ್ಪಿಸಬಾರದು. ಇಷ್ಟಾದರೂ ನ್ಯಾಯ ಕೇಳಿ ಬಂದವರಿಗೆ ತಮ್ಮದೇ ಪ್ರಕರಣದಲ್ಲಿ ಮೂಲೆಯ ಬೆಂಚು ಸಿಗುತ್ತದೆ ಎಂಬ ನೋವು ನನಗೆ ಅನ್ಯಾಯದ್ದೆನಿಸುವುದಿಲ್ಲ.

ವಿಶೇಷ ಸರ್ಕಾರಿ ಅಭಿಯೋಜಕರು ಎಂದರೆ ಒಂದು ಪ್ರಕರಣಕ್ಕೋ ಒಂದು ಬಗೆಯ ಪ್ರಕರಣಗಳಿಗೋ ಸರ್ಕಾರ ಪ್ರತ್ಯೇಕವಾಗಿ ನೇಮಿಸುವವರು. ಕನಿಷ್ಠ ಹತ್ತು ವರ್ಷದ ವೃತ್ತಿ ಅನುಭವ ಬೇಕು. ಭವಾನಿ ಸಿಂಗ್ ಅವರ ಪ್ರಸಂಗದಲ್ಲಿ ತಕರಾರು ಎದ್ದದ್ದು ಇದೇ ನೇಮಕದ ಬಗ್ಗೆ.

ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಇದಕ್ಕೆ ಅರ್ಹರು. ಈ ಒಂದು ಸಾಲು ಎಷ್ಟು ಮನೆಗಳಿಗೆ ತಲುಪಿಲ್ಲವೋ! ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ಮೊದಲು ಪ್ಯಾನೆಲ್ ವಕೀಲರು ತಮ್ಮ ಖಾಸಗಿ ಪ್ರಕರಣಗಳ ನಡುವೆ ಇವನ್ನೂ ನೋಡುತ್ತಿದ್ದರು. ಈಗ ಹಲವು ಜಿಲ್ಲೆಗಳಲ್ಲಿ ಕ್ರಿಮಿನಲ್ ಪ್ರಕರಣಗಳಿಗೆಂದೇ ಕಾನೂನು ನೆರವು ಅಭಿರಕ್ಷಕರು ಇದ್ದಾರೆ. ಅವರು ಪೂರ್ಣಾವಧಿಯವರು, ಖಾಸಗಿ ವೃತ್ತಿ ಮಾಡುವಂತಿಲ್ಲ. ಇವರ ಜೊತೆ ಅಮಿಕಸ್ ಕ್ಯೂರಿಯನ್ನು ಬೆರೆಸಬಾರದು. ಅಮಿಕಸ್ ಕ್ಯೂರಿ ನ್ಯಾಯಾಲಯವೇ ತನ್ನ ನೆರವಿಗೆ ಕರೆಯುವ ವಕೀಲರು. ಜಮೀನಿನ ದಾವೆಯಲ್ಲಿ ಟೇಪು ಹಿಡಿದು ಸ್ಥಳ ಪರಿಶೀಲನೆಗೆ ಬರುವ ಕೋರ್ಟ್ ಕಮಿಷನರ್ ಕೂಡ ಬಹಳ ಸಲ ವಕೀಲರೇ. ಆ ಹೊತ್ತಿಗೆ ಅವರು ನ್ಯಾಯಾಲಯದ ಕಣ್ಣು, ಯಾರ ಕಡೆಯವರೂ ಅಲ್ಲ. ಅವರಿಗೆ ಊಟ ಹಾಕಿಸಿ ಒಲಿಸಿಕೊಳ್ಳಲು ಹೋಗುವವರಿಗೆ ಇದು ತಿಳಿದಿರಲಿ.

ಪೀಠದಲ್ಲಿ ಕೂತವರ ಬಗ್ಗೆ ಎರಡು ಮಾತು. ತಾಲ್ಲೂಕಿನಲ್ಲಿ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು) ಎಂಬ ಫಲಕ ಕಾಣುತ್ತದೆ. ಒಬ್ಬರೇ ವ್ಯಕ್ತಿ ಬೆಳಿಗ್ಗೆ ಮ್ಯಾಜಿಸ್ಟ್ರೇಟರಾಗಿ ಜಾಮೀನು ಕೇಳಿ, ಮಧ್ಯಾಹ್ನ ಗಡಿ ಒತ್ತುವರಿಯ ದಾವೆ ಕೇಳಬಹುದು. ತಹಶೀಲ್ದಾರರೂ ಉಪವಿಭಾಗಾಧಿಕಾರಿಯೂ ಮ್ಯಾಜಿಸ್ಟ್ರೇಟರೇ, ಆದರೆ ಕಾರ್ಯಾಂಗದ ಮ್ಯಾಜಿಸ್ಟ್ರೇಟರು. ಅವರು ನ್ಯಾಯಾಧೀಶರಲ್ಲ, ಕಂದಾಯ ಇಲಾಖೆಯ ಅಧಿಕಾರಿಗಳು. ‘ಎಸಿ ಕೋರ್ಟ್’ ಎಂದು ಜನ ಕರೆಯುವ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಪಹಣಿ ತಿದ್ದುಪಡಿಯ ಮೇಲ್ಮನವಿ ನಡೆಯುತ್ತದೆ. ಪಹಣಿಯಲ್ಲಿ ಹೆಸರು ಯಾರದಿರಬೇಕು ಎಂದು ಅಲ್ಲಿ ತೀರ್ಮಾನವಾಗಬಹುದು, ಜಮೀನಿನ ಒಡೆತನದ ತಕರಾರು ಬಗೆಹರಿಯಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲೇ. ಎಸಿ ಕೋರ್ಟಿನಲ್ಲಿ ಗೆದ್ದೆವೆಂದು ಬೀಗಿ ದಾವೆಯನ್ನು ಹಗುರವಾಗಿ ತೆಗೆದುಕೊಂಡವರ ಪಾಡು ಹಳ್ಳಿ ಹಳ್ಳಿಯಲ್ಲೂ ಸಿಗುತ್ತದೆ.

ಕೋರ್ಟಿನ ಹೊರಗೆ, ಛತ್ರಿಯಡಿ ಮೇಜು ಹಾಕಿ ಕೂತ ನೋಟರಿಯ ಮಾತು ಇನ್ನೊಂದು ಬಗೆಯದು. ನೋಟರಿಯಾಗಲು ಸಾಮಾನ್ಯ ವರ್ಗದವರಿಗೆ ಹತ್ತು ವರ್ಷ ವಕೀಲಿ ಅನುಭವ ಬೇಕು. ನೇಮಕ ಮಾಡುವುದು 1952ರ ಕಾಯ್ದೆಯಡಿ ಕೇಂದ್ರ ಅಥವಾ ರಾಜ್ಯ ಸರ್ಕಾರ. ಇವರ ಕೆಂಪು ಸೀಲು ನೋಡಿದರೆ ಕಾಗದಕ್ಕೆ ಜೀವ ಬಂದಂತೆ ಜನರಿಗೆ ಅನಿಸುತ್ತದೆ. ಆ ಸೀಲು ಹೇಳುವುದು ಇಷ್ಟು ಮಾತ್ರ: ಈ ವ್ಯಕ್ತಿ ನನ್ನ ಎದುರು ಸಹಿ ಹಾಕಿದ್ದಾನೆ. ಬರೆದದ್ದು ನಿಜವೇ, ಮಾರುವವನಿಗೆ ಹಕ್ಕಿದೆಯೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ಸುತ್ತಮುತ್ತ ರೆವಿನ್ಯೂ ನಿವೇಶನಗಳನ್ನು ನೋಟರಿ ಮಾಡಿಸಿದ ಕರಾರು ಮತ್ತು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಕೊಂಡ ಕುಟುಂಬಗಳು ಎಷ್ಟೋ. ಹೀಗೆ ಕೊಂಡರೆ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರಿನಲ್ಲೇ ಖಡಾಖಂಡಿತವಾಗಿ ಹೇಳಿದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ನೋಟರಿ ಎದುರು ಮದುವೆಯೂ ಆಗುವುದಿಲ್ಲ, ವಿಚ್ಛೇದನವೂ ಆಗುವುದಿಲ್ಲ.

ಆ ಉಪನೋಂದಣಾಧಿಕಾರಿ ಕಚೇರಿಯ ಆಸುಪಾಸಿನ ದಸ್ತಾವೇಜು ಬರಹಗಾರರು ವಕೀಲರಲ್ಲ. ಅವರದು ಬರೆಯುವ ಪರವಾನಗಿ. ಹಳೆಯ ಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ (ಪತ್ರ ಬರೆದವರು) ಎಂದು ಅವರ ಹೆಸರು ಇರುತ್ತದೆ, ಚೆಕ್ಕುಬಂದಿ ಬರೆಯುವುದರಲ್ಲಿ ಅವರ ಕೈ ಎಷ್ಟೋ ವಕೀಲರಿಗಿಂತ ಪಳಗಿದ್ದು. ಆದರೂ ಮೂಲಪತ್ರಗಳನ್ನು ನೋಡಿ ಹಕ್ಕಿನ ಸರಪಳಿ ಸರಿಯಿದೆಯೇ ಎಂದು ಹೇಳುವುದು ವಕೀಲರ ಕೆಲಸ. ಹಾಗೆಯೇ ಪವರ್ ಆಫ್ ಅಟಾರ್ನಿ ಪಡೆದವರೂ ವಕೀಲರಾಗುವುದಿಲ್ಲ. ದುಬೈನಲ್ಲಿರುವ ಅಣ್ಣ ಊರಿನ ತಮ್ಮನಿಗೆ ಜಿಪಿಎ ಕಳಿಸಿದರೆ ತಮ್ಮ ದಾವೆ ಹೂಡಬಹುದು, ವಕೀಲರಿಗೆ ವಕಾಲತ್ತು ಕೊಡಬಹುದು. ನ್ಯಾಯಾಲಯದ ಅನುಮತಿಯಿಲ್ಲದೆ ಎದ್ದು ನಿಂತು ಅಣ್ಣನ ಪರ ವಾದ ಮಾಡಲಾರ. ತನ್ನದೇ ಪ್ರಕರಣವಾದರೆ ಯಾರು ಬೇಕಾದರೂ ಸ್ವತಃ ವಾದಿಸಬಹುದು. ಗ್ರಾಹಕರ ಆಯೋಗಗಳಲ್ಲಿ ಹಾಗೆ ವಾದಿಸಿ ಗೆದ್ದವರು ಬಹಳ ಮಂದಿ ಇದ್ದಾರೆ.

ಅದೇ ಗ್ರಾಹಕರ ಆಯೋಗಕ್ಕೆ ವಕೀಲರ ಮೇಲೆ ಸೇವಾ ಲೋಪದ ದೂರು ಒಯ್ಯಲು ಮಾತ್ರ ಈಗ ಆಗುವುದಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ವೃತ್ತಿ ದುರ್ನಡತೆಯ ದೂರು ಹೋಗಬೇಕಾದದ್ದು ರಾಜ್ಯ ವಕೀಲರ ಪರಿಷತ್ತಿಗೆ. ಅಲ್ಲಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಕೆಲ ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರು ತೆಗೆಯಬಹುದು. ನೋಟರಿಯ ಮೇಲಿನ ದೂರು ಅವರನ್ನು ನೇಮಿಸಿದ ಸರ್ಕಾರಕ್ಕೆ, ಎಪಿಪಿಯವರ ಮೇಲಿನದು ಅಭಿಯೋಜನೆ ಇಲಾಖೆಗೆ. ಪರಿಷತ್ತಿಗೆ ದೂರು ಬರೆಯುವಾಗ ವಕೀಲರ ನೋಂದಣಿ ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಸಲೀಸು. ಅದು ನೀವು ಸಹಿ ಹಾಕಿದ ವಕಾಲತ್ತಿನಲ್ಲಿ, ವಕೀಲರ ಸಹಿಯ ಕೆಳಗೆ, ‘ಕೆಎಆರ್’ ಎಂಬ ಅಕ್ಷರಗಳಿಂದ ಶುರುವಾಗಿ ನೋಂದಣಿಯ ವರ್ಷದೊಂದಿಗೆ ಮುಗಿಯುತ್ತದೆ. ಸಹಿ ಹಾಕಿದ ದಿನವೇ ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಬಹುದು. ಯಾವ ವಕೀಲರೂ ಅದಕ್ಕೆ ಅಡ್ಡಿ ಮಾಡಬೇಕಾದ ಕಾರಣವಿಲ್ಲ.